ತಲೆ ಮೇಲಿನ ಬೋರ್ಡು

ಡ್ರೈವರಕ್ಕನನ್ನು ಸೋಮವಾರದಿಂದ ಟೆಲಿಫೋನ್ ಮೇಜಿಗೆ ಕೂರಿಸುವುದೆಂದು ಟ್ಯಾಕ್ಸಿ ಕಂಪನಿಯ ಮ್ಯಾನೇಜರ್ ತೀರ್ಮಾನಿಸಿಬಿಟ್ಟಿದ್ದ. ಅವಳ ಎಲೆಕ್ಟ್ರಿಕ್ ಕಾರು ಹಿಂದಿನ ವಾರ ನಡುದಾರಿಯಲ್ಲಿ ನಿಂತದ್ದೇ ಕಾರಣ. ಗ್ಯಾರೇಜು ಇನ್ನು ಆರೇ ಕಿಲೋಮೀಟರ್ ಇತ್ತು. ಡಯಾಲಿಸಿಸ್ ಮುಗಿಸಿಕೊಂಡು ಬರುತ್ತಿದ್ದ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಮುದುರಿಕೊಂಡು ಒಂದು ಗಂಟೆ ಚಳಿಯಲ್ಲಿ ನಡುಗಿದ್ದರು. ಆ ನಡುಕವನ್ನು ಅವಳು ಮರೆತಿರಲಿಲ್ಲ.

ಆದರೆ ಮ್ಯಾನೇಜರ್ ಊರೆಲ್ಲ ಹೇಳಿಕೊಂಡು ಬಂದದ್ದೇ ಬೇರೆ. ಹೆಂಗಸರಿಗೆ ಕಾಲಿನ ಹದ ಗೊತ್ತಿಲ್ಲವಂತೆ, ಒತ್ತಿದರೆ ಒತ್ತಿದ್ದೇ ಅಂತೆ, ಅದಕ್ಕೇ ಚಾರ್ಜು ಖಾಲಿಯಂತೆ. ಒಂಬತ್ತು ವರ್ಷ ಒಂದು ಗೀರೂ ಬೀಳದಂತೆ ಕಾರು ಓಡಿಸಿದವಳಿಗೆ ಈ ಮಾತು! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆ ಮಾತ್ರ ಹೋಗಲಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು, ಚಾರ್ಜು ಎಲ್ಲೆಲ್ಲಿ ಎಷ್ಟೆಷ್ಟು ಇಳಿಯುತ್ತದೆಂದು ನಾಲ್ಕು ದಿನ ಬರೆದಳು.

ಬರೆದದ್ದನ್ನು ನೋಡಿದರೆ ಕಳ್ಳ ಮನೆಯೊಳಗೇ ಇದ್ದ. ಅಂಗಳದಲ್ಲಿ ಸಂಜೆಯೇ ಕಾರುಗಳನ್ನು ಚಾರ್ಜಿಗೆ ಹಾಕಿ, ತುಂಬಿದ ಕೂಡಲೇ ವಾಚ್‌ಮನ್ ಪ್ಲಗ್ ಕಿತ್ತುಬಿಡುತ್ತಿದ್ದ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ತಣ್ಣಗೆ ಕೊರಡಾಗಿರುತ್ತಿತ್ತು, ತಣ್ಣಗಾದ ಬ್ಯಾಟರಿ ಬೇಗ ಬರಿದಾಗುತ್ತದೆ. ಡ್ರೈವರುಗಳು ಹೀಟರನ್ನು ಜೋರಾಗಿ ಹಚ್ಚಿಟ್ಟು ರಿಜಿಸ್ಟರಿಗೆ ಸಹಿ ಹಾಕಿ, ಟೀ ಕುಡಿದು, ಹರಟೆ ಹೊಡೆದು ಬರುತ್ತಿದ್ದರು. ಇವಳೂ ಅದನ್ನೇ ಮಾಡುತ್ತಿದ್ದಳು, ಸುಳ್ಳೇಕೆ! ಗೇಟು ದಾಟುವ ಮೊದಲೇ ನಾಲ್ಕು ಪರ್ಸೆಂಟ್ ಮಾಯ. ಟೈರಿನ ಗಾಳಿಯನ್ನು ಬೇಸಿಗೆಯಿಂದ ಈಚೆಗೆ ಯಾರೂ ನೋಡಿರಲಿಲ್ಲ.

ಎಲ್ಲಕ್ಕಿಂತ ಮೇಲೆ, ನಿಜವಾಗಿಯೂ ಮೇಲೆ, ಆ ಬೋರ್ಡು. ‘ಹೊಗೆಯಿಲ್ಲ, ಪೆಟ್ರೋಲಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಸಿ, ಕೆಳಗೆ ಕಂಪನಿಯ ಫೋನ್ ನಂಬರು ಹಾಕಿಸಿ, ಅರ್ಧ ಬಾಗಿಲಿನಷ್ಟು ದೊಡ್ಡ ಹಲಗೆಯನ್ನು ಒಂದೂವರೆ ತಿಂಗಳ ಹಿಂದೆ ಮ್ಯಾನೇಜರ್ ಕಾರಿನ ನೆತ್ತಿಯ ಮೇಲೆ ನಿಲ್ಲಿಸಿದ್ದ. ಹೆದ್ದಾರಿಗೆ ಬಂದರೆ ಸಾಕು, ಎದುರುಗಾಳಿಯೆಲ್ಲ ಅದಕ್ಕೇ ಬಡಿದು ಚಾರ್ಜನ್ನು ತಿನ್ನುತ್ತಿತ್ತು.

ಅವಳು ನೋಟ್‌ಬುಕ್ ತೋರಿಸಿದಳು. ಮ್ಯಾನೇಜರ್ ಪುಟ ಕೂಡ ತಿರುವಲಿಲ್ಲ. ಕಾರಿಗೆ ವಯಸ್ಸಾಗಿದೆ, ಹೋಗಿ ಬರಲು ನೂರ ಅರವತ್ತು ಕಿಲೋಮೀಟರಿನ ಆಸ್ಪತ್ರೆ ದಾರಿ ಇನ್ನು ಅದರ ಕೈಲಾಗುವುದಿಲ್ಲ, ಬೋರ್ಡು ಮುಟ್ಟಿದರೆ ಕೆಲಸ ಬಿಟ್ಟ ಹಾಗೆ ಎಂದ. ಕೊನೆಯ ಟ್ರಿಪ್ಪಿಗೆ ಪಕ್ಕದಲ್ಲಿ ತಾನೇ ಕೂತು ಬರುವುದಾಗಿಯೂ ಹೇಳಿದ.

“ಬನ್ನಿ ಸರ್, ನೀವೇ ಬನ್ನಿ. ವಯಸ್ಸು ನನಗೂ ಆಗಿದೆ. ಹಾಗಂತ ಮೂಲೇಲಿ ಕೂತಿದೀನಾ?” ಎಂದಳು.

ಆ ಶನಿವಾರ ಅವಳ ಕಾರನ್ನು ವಾಚ್‌ಮನ್ ಎಲ್ಲರಿಗಿಂತ ಕೊನೆಗೆ ಚಾರ್ಜಿಗೆ ಹಾಕಿದ್ದ, ಅವಳು ಕಾಡಿ ಬೇಡಿ ಒಪ್ಪಿಸಿದ್ದಳು. ಹೊರಡುವ ಹೊತ್ತಿಗೆ ಸರಿಯಾಗಿ ಬ್ಯಾಟರಿ ಬೆಚ್ಚಗಿತ್ತು. ಪ್ಲಗ್ ಇರುವಾಗಲೇ ಕಾರಿನೊಳಗೂ ಬಿಸಿ ಮಾಡಿಕೊಂಡಳು. ನಾಲ್ಕೂ ಟೈರಿಗೆ ಗಾಳಿ ತುಂಬಿದಳು. ಆಮೇಲೆ ಸ್ಪ್ಯಾನರ್ ಹಿಡಿದು ಆ ಬೋರ್ಡಿನ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಆಫೀಸಿನ ಗೋಡೆಗೆ ಆನಿಸಿಟ್ಟಳು. ಒಂಬತ್ತು ವರ್ಷದ ಕೆಲಸ ಆ ನಟ್ಟುಗಳ ಜೊತೆಗೇ ಕಳಚಿದರೂ ಕಳಚಬಹುದಿತ್ತು.

ಬೋಳು ನೆತ್ತಿಯ ಕಾರನ್ನು ಕಂಡು ಮ್ಯಾನೇಜರನ ಮುಖ ಕೆಂಪಾಯಿತು.

“ದಾರೀಲಿ ನಿಂತ್ರೆ ಬೋರ್ಡ್ ತೆಗೆದಿದ್ದಕ್ಕೂ ಸೇರಿಸಿ ಮನೆಗೆ ಕಳಿಸಿ ಸರ್, ಫೋನ್ ಮೇಜೂ ಬೇಡ. ಈಗ ಹತ್ತಿ, ಮೇಷ್ಟ್ರು ಕಾಯ್ತಿದಾರೆ,” ಎಂದಳು.

ಮೇಷ್ಟ್ರನ್ನು ಹತ್ತಿಸಿಕೊಂಡು, ತೊಂಬತ್ತರಲ್ಲಿ ಹಾರಿಸುತ್ತಿದ್ದ ಹೆದ್ದಾರಿಯಲ್ಲಿ ಎಪ್ಪತ್ತು ದಾಟದೆ ಹೋದಳು. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದರೆ ಹೋಗಲಿ ಬಿಡು ಎಂದುಕೊಂಡಳು. ಇಳಿಜಾರು ದೂರದಲ್ಲಿ ಕಂಡಾಗಲೇ ಪೆಡಲಿನಿಂದ ಕಾಲೆತ್ತುತ್ತಿದ್ದಳು. ಕಾರು ತಾನಾಗಿ ನಿಧಾನವಾಗುತ್ತ ಒಂದಿಷ್ಟು ಚಾರ್ಜನ್ನು ವಾಪಸು ತುಂಬಿಕೊಳ್ಳುತ್ತಿತ್ತು. ಹೀಟರ್ ಆರಿಸಿ, ಸೀಟುಗಳನ್ನಷ್ಟೇ ಬಿಸಿ ಮಾಡಿ, ಮೇಷ್ಟ್ರಿಗೆ ಮನೆಯಿಂದ ತಂದ ಕಂಬಳಿ ಹೊದಿಸಿದ್ದಳು. ಮ್ಯಾನೇಜರನಿಗೆ ಕಂಬಳಿ ತಂದಿರಲಿಲ್ಲ, ಮರೆತು ಅಲ್ಲ. ಆಸ್ಪತ್ರೆ ತಲುಪಲು ಎಂದಿಗಿಂತ ಕಾಲು ಗಂಟೆ ಹೆಚ್ಚು ಹಿಡಿಯಿತು. ಅವಳು ಅಷ್ಟೇ ಮೊದಲು ಹೊರಟಿದ್ದರಿಂದ ತಡವಾಗಲಿಲ್ಲ.

ಹಿಂದಿರುಗುವಾಗ, ಹೋದ ವಾರ ಕಾರು ಕೈಕೊಟ್ಟ ತಿರುವು ಬಂತು. ಹಿಂದಿನಿಂದ ಮೇಷ್ಟ್ರು ಕತ್ತು ಚಾಚಿ ಚಾರ್ಜು ತೋರಿಸುವ ಪರದೆ ನೋಡಿ, ತರಗತಿಯಲ್ಲಿ ಅಂಕ ಓದುವ ದನಿಯಲ್ಲಿ, “ಇಪ್ಪತ್ತಾರು,” ಎಂದರು.

ಡ್ರೈವರಕ್ಕ ಹೀಟರನ್ನು ಪೂರ್ತಿ ತಿರುಗಿಸಿದಳು. “ಈಗ ಬೆಚ್ಚಗೆ ಕೂತ್ಕೊಳ್ಳಿ ಸರ್. ಬೇಕಾದಷ್ಟಿದೆ.”

ಗ್ಯಾರೇಜಿನಲ್ಲಿ ಇಳಿದ ಮ್ಯಾನೇಜರ್ ಬಗ್ಗಿ ಮತ್ತೊಮ್ಮೆ ಪರದೆ ನೋಡಿದ. ಕೊನೆಗೆ, ಹಾಗಾದರೆ ಸೋಮವಾರದಿಂದ ಟೆಲಿಫೋನ್ ಮೇಜಿಗೆ ಯಾರನ್ನು ಕೂರಿಸಲಿ ಎಂದು ಗೊಣಗಿದ.

ಅವಳು ಗೋಡೆಗೆ ಆನಿಸಿಟ್ಟ ಬೋರ್ಡಿನ ಕಡೆ ಕೈ ತೋರಿಸಿದಳು.

“ಅದನ್ನ ಕೂರಿಸಿ ಸರ್. ನಂಬರೂ ಅದರ ಮೇಲೇ ಇದೆ.”

ಮತ್ತೆ, ಸೋಮವಾರ ಬೆಳಗ್ಗೆ ತನ್ನ ಕಾರನ್ನು ಕೊನೆಗೆ ಚಾರ್ಜಿಗೆ ಹಾಕಬೇಕೆಂದು ಹೇಳಲು ವಾಚ್‌ಮನ್‌ನನ್ನು ಹುಡುಕಿಕೊಂಡು ಹೋದಳು.