ಮೂರನೇ ಮಹಡಿಯ ರೇಟು

"ಕೈ ಸೆರಗಿನೊಳಗೆ ಇಟ್ಕೊಳ್ಳೇ, ಮುಂಡೇದೆ! ಆ ಉಗುರು ನೋಡಿದ್ರೆ ಸಾಕು, ನೀನು ಎಂಥಾ ಮನೆಯೋಳು ಅಂತ ಯಾರಿಗಾದ್ರೂ ಗೊತ್ತಾಗತ್ತೆ."

ತಿರುಮಲರಾಯರು ಹೀಗೆ ಬೈಯುವಾಗ ನಾನು ಅವರ ಹೆಂಡತಿಯ ಹಳೇ ರೇಷ್ಮೆ ಸೀರೆ ಉಟ್ಟು ಬೆತ್ತದ ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಬೆಳಗಿನಿಂದ ತೆಂಗಿನ ನಾರಿನಲ್ಲಿ ಉಜ್ಜಿದರೂ ಉಗುರಿನ ಸಂದಿಯ ಸಿಮೆಂಟು ಹೋಗಿರಲಿಲ್ಲ. ಹೋಗುವುದಾದರೂ ಹೇಗೆ? ಅಣ್ಣಾ ನಗರದ ಆ ಮೂರು ಮಹಡಿ ಕಟ್ಟಡಕ್ಕೆ ಹತ್ತಿದ ಗಾರೆಯೆಲ್ಲ ನಮ್ಮ ತಲೆಯ ಮೇಲೇ ಹತ್ತಿತ್ತು.

"ಹೆಸರು ಕೇಳಿದ್ರೆ ಏನಂತೀಯ?"

"ಪದ್ಮಾವತಿ."

"ಗಂಡ?"

"ಪಾರೀನ್‌ನಾಗವ್ರೆ."

"ಫಾರಿನ್‌ನಲ್ಲಿದ್ದಾರೆ ಅನ್ನೇ, ಶನಿ! ಬೇಡ, ನೀನು ಬಾಯೇ ಬಿಡಬೇಡ. ಪೇಸಾಮ ಇರು. ನಗ್ತಾ ತಲೆ ಆಡಿಸು, ಪೋದುಂ, ಅಷ್ಟು ಸಾಕು."

ಆ ಕಟ್ಟಡ ಕಟ್ಟಿಸಿದ ರಾಯರದು ತಲೆಮಾರುಗಳಿಂದ ಮದ್ರಾಸಿನಲ್ಲಿ ಬೇರೂರಿದ ಕನ್ನಡದ ಮನೆತನ. ನಮ್ಮದು ಕೊಳ್ಳೇಗಾಲದ ಕಡೆಯ ಒಂದು ಹೊಲಗೇರಿ. ಮೇಸ್ತ್ರಿ ಮೋನಪ್ಪ ನಮ್ಮನ್ನು ಕರೆತಂದು ನಿಲ್ಲಿಸಿದ ದಿನ ರಾಯರು, "ಕನ್ನಡದೋರಾ? ನಮ್ಮ ಜನ ಹಾಗಾದ್ರೆ!" ಅಂದಿದ್ದರು. ನಮ್ಮ ಜನವಂತೆ! ಬಾಯಾರಿ ನೀರು ಕೇಳಿದರೆ ಚೊಂಬನ್ನು ಎತ್ತರಕ್ಕೆ ಹಿಡಿದು ಬೊಗಸೆಗೆ ಸುರಿಸುತ್ತಿದ್ದರು.

ಈಗ ಈ ರೇಷ್ಮೆಯ ವೇಷ ಯಾಕೆಂದರೆ ಮನೆಗಳು ಮಾರಾಟವಾಗುತ್ತಿರಲಿಲ್ಲ.

ಆ ವರ್ಷ, ಎಂಬತ್ತೆರಡರ ಆಷಾಢದಲ್ಲಿ, ನನ್ನ ತಂಗಿ ಸರಸ ಮೂರನೇ ಮಹಡಿಯ ಬಾಲ್ಕನಿಯಿಂದ ಬಿದ್ದು ಸತ್ತಳು. ಕಂಬಿ ಹಾಕಿರಲಿಲ್ಲ. ಗಾರೆ ತುಂಬಿದ ಬಾಂಡ್ಲಿ ಹೊತ್ತು ಬಂದವಳು "ಅಕ್ಕಾ, ಇಳುಸ್ಕೊ" ಅಂದಳು. ನಾನು ಕೈ ಚಾಚುವುದರೊಳಗೆ ಒಂದು ಹೆಜ್ಜೆ ಹಿಂದಿಟ್ಟಳು. ಅಷ್ಟೇ. ಹೊತ್ತು ಮುಳುಗುವ ಮೊದಲೇ ಅವಳನ್ನು ಮರಳಿನ ಲಾರಿಯಲ್ಲಿ ಸಾಗಿಸಿ ಯಾವುದೋ ಸುಡುಗಾಡಿನಲ್ಲಿ ಮಣ್ಣು ಮಾಡಿಸಿದರು. ನಮ್ಮನ್ನು ಲಾರಿ ಹತ್ತಗೊಡಲಿಲ್ಲ. ಆ ಹೆಸರಿನವಳು ಕೆಲಸಕ್ಕೇ ಬಂದಿಲ್ಲ ಎಂದು ರಾಯರು ವಿಚಾರಿಸಲು ಬಂದವರಿಗೆ ಹೇಳಿದರು. ಮೋನಪ್ಪ ಹೌದು ಹೌದು ಅಂದ.

ಆದರೆ ಬೀದಿಯ ಬಾಯಿ ಮುಚ್ಚುವವರು ಯಾರು? ಕಟ್ಟಡ ಗಟ್ಟಿಯಾಗಲಿ ಎಂದು ರಾಯರೇ ಹೆಣ್ಣು ಬಲಿ ಕೊಟ್ಟರಂತೆ, ಮುಸ್ಸಂಜೆಯಲ್ಲಿ ಮೇಲೆ ಬಳೆ ಸದ್ದು ಕೇಳುತ್ತದಂತೆ. ಮುಂಗಡ ಕೊಟ್ಟವನೊಬ್ಬ ಬಂದು ದುಡ್ಡು ವಾಪಸು ಕೇಳಿದ. ಅವನನ್ನು ನೋಡಿ ಇನ್ನೊಬ್ಬ ಬಂದ. ಒಂದು ಲಕ್ಷ ಇಪ್ಪತ್ತು ಸಾವಿರ ಅನ್ನುತ್ತಿದ್ದ ಮನೆಯನ್ನು ರಾಯರು ಲಕ್ಷಕ್ಕೆ ಇಳಿಸಿದರು. ಇಳಿಸಿದ್ದೇ ತಪ್ಪಾಯಿತು. ಒಳಗೆ ಏನೋ ಇಲ್ಲದೆ ಯಾಕಪ್ಪಾ ಇಳಿಸ್ತಾರೆ ಎಂದು ಉಳಿದವರಿಗೂ ನಂಬಿಕೆ ಹೋಯಿತು. ಪಕ್ಕದ ಬೀದಿಯ ಹೊಸ ಮನೆಗಳನ್ನೂ ಕೇಳುವವರಿಲ್ಲದಂತಾಯಿತು.

ಬಳೆ ಸದ್ದು ಶುದ್ಧ ಸುಳ್ಳು. ಸರಸ ಕೆಲಸಕ್ಕೆ ಬರುವಾಗ ಬಳೆ ತೊಡುತ್ತಲೇ ಇರಲಿಲ್ಲ. ನನಗೆ ಕೇಳುವುದು ಬೇರೆ. ಗುಡಿಸಲಲ್ಲಿ ಅನ್ನ ಬಸಿಯುವಾಗ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗ, ಬೆನ್ನ ಹಿಂದೆಯೇ "ಅಕ್ಕಾ, ಇಳುಸ್ಕೊ" ಅನ್ನುತ್ತಾಳೆ. ಪ್ರತಿ ಸಲವೂ ಕೈ ಚಾಚಿ ತಿರುಗುತ್ತೇನೆ. ನನ್ನ ಜೊತೆ ಗಾರೆ ಹೊರುವ ಗುಣವತಿ ಒಂದು ದಿನ ಇದನ್ನು ನೋಡಿ, "ಯಾರ್ಗಕ್ಕಾ ಕೈ ಕೊಟ್ಟೆ?" ಅಂದಳು. ಆ ಕೂಗು ಕೇಳಿದರೆ ಹೆದರಿಕೆಯಾಗುತ್ತದೆ. ಸರಸ ಕೂಗದೆ ಇದ್ದ ದಿನ ಇನ್ನೂ ಹೆದರಿಕೆಯಾಗುತ್ತದೆ.

ಕೊನೆಗೆ ರಾಯರು ಈ ಉಪಾಯ ಹೂಡಿದರು. ಮನೆಗಳಲ್ಲಿ ಜನ ಇದ್ದಂತೆ ಕಂಡರೆ ಗಿರಾಕಿಗೆ ಧೈರ್ಯ ಬರುತ್ತದೆ. ಅದಕ್ಕೇ ಕೆಳಗಿನ ಮನೆಯಲ್ಲಿ ನಾನು ಪದ್ಮಾವತಿ. ಒಪ್ಪದಿದ್ದರೆ ಹಿತ್ತಿಲ ಗುಡಿಸಲು ಬಿಡಬೇಕು. ನನ್ನ ಎರಡು ಕೂಸು ಆ ಗುಡಿಸಲಲ್ಲಿ ಮಲಗಿದ್ದವು. ಒಪ್ಪಿದ್ದೆ.

ಮೂರನೇ ಮಹಡಿಯ ಮನೆ ನೋಡಲು ಗಿರಾಕಿಗಳು ಬಂದರು. ಕಮಲಾಕರ ಅಂತ, ಎಗ್ಮೋರಿನ ಒಂದು ಬ್ಯಾಂಕಿನಲ್ಲಿ ಆಫೀಸರು. ಜೊತೆಗೆ ಹೆಂಡತಿ ಉಷಾ. ಆ ಅಮ್ಮ ನನ್ನ ಎದುರಿಗೆ ಕೂತು ನಕ್ಕರು.

"ನೀವೂ ಕನ್ನಡದೋರಂತೆ, ಸಂತೋಷ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೇಲಿನ ಮನೆಯಿಂದ ಯಾರೋ ಹುಡುಗಿ ಬಿದ್ದು ಸತ್ತಳು ಅಂತಾರಲ್ಲ, ನಿಜಾನಾ?"

ರಾಯರೇ ಮುಂದೆ ಬಂದರು. "ಅಯ್ಯೋ, ಅಂಥಾ ಹುಡುಗಿ ಇಲ್ಲಿ ಇರ್ಲೇ ಇಲ್ಲಮ್ಮ! ಬೇಕಾದ್ರೆ ಇವರನ್ನೇ ಕೇಳಿ. ಅಲ್ವೇ ಪದ್ಮಾವತಿಯವರೇ?"

ಆ ಬಾಯಲ್ಲಿ ನನಗೆ ಬಹುವಚನ ಬಂದದ್ದು ಅದೇ ಮೊದಲು. ಸತ್ತಿಲ್ಲ ಅಂದಿದ್ದರೆ ಮಕ್ಕಳ ಮುಖ ನೆನೆದು ತಲೆ ಆಡಿಸಿಬಿಡುತ್ತಿದ್ದೆನೇನೋ. ಇರಲೇ ಇಲ್ಲ ಅಂದರು! ನನ್ನ ಬೆನ್ನ ಮೇಲೆ ಕೂತು ಬೆಳೆದವಳು ಇರಲೇ ಇಲ್ಲವೇ?

"ಇದ್ಲು ಕಣವ್ವ," ಅಂದೆ. "ಸರಸ ಅಂತ. ನನ್ ತಂಗಿ. ಬನ್ನಿ, ತೋರುಸ್ತೀನಿ."

ಸೆರಗಿನಿಂದ ಕೈ ತೆಗೆದು ಆ ಅಮ್ಮನ ಮುಂಗೈ ಹಿಡಿದೆ. ರಾಯರು "ಏಯ್, ಏಯ್!" ಎನ್ನುತ್ತ ಹಿಂದೆಯೇ ಓಡಿಬಂದರು. ಮೂರನೇ ಮಹಡಿ ಹತ್ತುವವರೆಗೂ ನಾನು ಕೈ ಬಿಡಲಿಲ್ಲ.

"ಇಲ್ಲೇ ನಿಂತಿದ್ಲು. ಈ ಕಂಬಿ ಆಗ ಇರ್ನಿಲ್ಲ. ಅವ್ಳು ಸತ್ ಮಾರ್ನೇ ದಿನ ತಂದ್ ಹಾಕುದ್ರು. ಅಕಾ, ಅಲ್ಲಿ ಬಿದ್ಲು, ಆ ಇಟ್ಟಿಗೆ ರಾಸಿ ತಾವ."

ಉಷಾ ಕೆಳಗೆ ನೋಡಿದರು. ಕಣ್ಣಲ್ಲಿ ನೀರು ತುಂಬಿತು. "ಎಷ್ಟು ವಯಸ್ಸು?"

"ಅತ್ತೊಂಬತ್ತು. ಮದ್ವೆ ಗೊತ್ತಾಗಿತ್ತು."

"ಅಯ್ಯೋ ಪಾಪ," ಎಂದು ಸೆರಗು ಬಾಯಿಗಿಟ್ಟುಕೊಂಡರು. ನನ್ನ ಎದೆ ಹಗುರವಾಯಿತು. ಈ ಊರಿನಲ್ಲಿ ಒಬ್ಬರಾದರೂ ಕೇಳಿದರಲ್ಲ! ಇನ್ನು ಈ ಮನೆಯನ್ನು ಯಾರೂ ಕೊಳ್ಳುವುದಿಲ್ಲ, ರಾಯ ಹಾಳಾಗಿ ಹೋಗಲಿ ಅಂದುಕೊಂಡೆ.

ನಮ್ಮ ಹಿಂದೆಯೇ ಹತ್ತಿಬಂದಿದ್ದ ಕಮಲಾಕರ ಗೋಡೆ ಬಡಿದು ನೋಡುತ್ತಿದ್ದ. ನಲ್ಲಿ ತಿರುಗಿಸಿ ನೀರು ನೋಡಿದ. ಆಮೇಲೆ ಕರ್ಚೀಫಿನಿಂದ ಕೈ ಒರೆಸಿಕೊಂಡು ರಾಯನ ಕಡೆ ತಿರುಗಿದ.

"ವಿಷಯ ಮುಚ್ಚಿಟ್ಟಿದ್ದು ಸರಿಯಲ್ಲ ರಾಯರೇ. ಸಾವಾಗಿದೆ ಅಂದ ಮೇಲೆ ಲಕ್ಷ ಜಾಸ್ತಿಯಾಯ್ತು. ತೊಂಬತ್ತಕ್ಕೆ ಮುಗಿಸಿ."

ರಾಯನ ಮುಖಕ್ಕೆ ಜೀವ ಬಂತು. "ಸಾರ್, ತೊಂಬತ್ತೈದು ಮಾಡಿ. ಹೋಮ, ಪುಣ್ಯಾಹ ಎಲ್ಲಾ ನನ್ನ ಖರ್ಚು. ನಮ್ಮ ಆಚಾರ್ರು ಒಂದೇ ದಿನದಲ್ಲಿ ಶುದ್ಧಿ ಮಾಡಿಕೊಡ್ತಾರೆ. ಅಲ್ಲದೆ ಅವಳು ಸತ್ತಿದ್ದು ಹೊರಗೆ, ನೆಲದ ಮೇಲೆ. ಮನೆಯೊಳಗಂತೂ ಅಲ್ಲ."

"ತೊಂಬತ್ತು. ಹೋಮಾನೂ ಆಗ್ಲಿ."

ಉಷಾ ಕಣ್ಣೊರೆಸಿಕೊಂಡು ಗಂಡನ ತೋಳು ಮುಟ್ಟಿದರು. "ರೀ, ಹಾಗೇ ಅಡುಗೆಮನೆಗೆ ಒಂದು ಕಪಾಟು ಮಾಡಿಸಿಕೊಡ್ತಾರಾ ಕೇಳಿ."

ಗಂಡಸರಿಬ್ಬರೂ ಕೈ ಕುಲುಕಿದರು. ರಾಯ ನಗುನಗುತ್ತಲೇ ನನ್ನ ಕಡೆ ನೋಡಿದ. "ಸೀರೆ ಕೆಳಗೆ ಬಿಚ್ಚಿಡು. ಸಂಜೆಯೊಳಗೆ ಗುಡಿಸಲು ಖಾಲಿಯಾಗ್ಬೇಕು, ಲೌಡಿ."

ನಮ್ಮ ಕಡೆ ಸತ್ತವರ ಹೆಸರು ಹಿಡಿದು, ಅವರು ಬಾಳಿದ ಬಾಳನ್ನೆಲ್ಲ ಹಾಡಿ ಅಳಬೇಕು. ಆ ಅಳು ಸಿಗದ ಜೀವ ಎಲ್ಲಿಗೂ ಹೋಗಲಾರದು. ಸರಸನಿಗೆ ಆ ಅಳು ಸಿಕ್ಕಿರಲಿಲ್ಲ. ನಾನು ಬಾಲ್ಕನಿಯ ಕಂಬಿ ಹಿಡಿದು, ಬೀದಿಯ ಕಡೆ ಮುಖ ಮಾಡಿ, ದನಿ ಎತ್ತಿದೆ.

"ನನ್ ಸರಸಾ... ನನ್ ಕಂದಾ... ನಿನ್ ಸಾವ್ ಇಡ್ಕಂಡು ಚೌಕಾಸಿ ಮಾಡುದ್ರಲ್ಲೇ ನನ್ ಕೂಸೇ..."

"ಬಾಯಿ ಮುಚ್ಚೇ!" ಎಂದು ರಾಯ ಹಿಂದಿನಿಂದ ಅಂಗೈಯಿಂದ ನನ್ನ ಬಾಯಿ ಒತ್ತಿದ. ಕಚ್ಚಿದೆ. ರಕ್ತದ ರುಚಿ ನಾಲಿಗೆಗೆ ಹತ್ತುವವರೆಗೂ ಬಿಡಲಿಲ್ಲ. ಅವನು ಕಿರುಚಿಕೊಂಡು ಹಿಂದಕ್ಕೆ ಸರಿದ.

ಕೆಳಗೆ ಕಾಂಪೌಂಡು ಗೋಡೆಗೆ ಗಾರೆ ಕಲಸುವ ಸದ್ದು ನಿಂತಿತು. ಗುಣವತಿ ಬಾಂಡ್ಲಿ ನೆಲಕ್ಕೆ ಕುಕ್ಕಿ ಎದೆ ಬಡಿದುಕೊಳ್ಳುತ್ತ, "ಸರಸಾ..." ಎಂದು ನನ್ನ ದನಿಗೆ ದನಿ ಸೇರಿಸಿದಳು. ಉಳಿದ ಹೆಂಗಸರೂ ಸೇರಿದರು. "ಕೆಲ್ಸ ಮಾಡ್ರೇ, ಬೋಸುಡೀರಾ!" ಎಂದು ಮೋನಪ್ಪ ಅರಚುತ್ತಿದ್ದ. ಎದುರು ಮನೆಗಳ ಕಿಟಕಿಗಳು ತೆರೆದವು.

ಕಮಲಾಕರ ಹೆಂಡತಿಯ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದ. ಉಷಾ ಎರಡೂ ಕಿವಿ ಮುಚ್ಚಿಕೊಂಡಿದ್ದರು. ನಾನು ಉಸಿರು ಎಳೆದುಕೊಂಡು, ಅಣ್ಣಾ ನಗರಕ್ಕೆಲ್ಲ ಕೇಳುವ ಹಾಗೆ, ಸರಸ ಹುಟ್ಟಿದ ದಿನದಿಂದ ಶುರು ಮಾಡಿದೆ.