ಪೊರಕೆ ಕಟ್ಟಿದ ದಿಬ್ಬ

ಬಾವಿ ಬೆಳೆಯುತ್ತಿತ್ತು.

ಸೊಸೆ ಮದುವೆಯಾಗಿ ಈ ಮನೆಗೆ ಬಂದಾಗ ಮನೆಮುಂದಿನ ಬಾವಿಯ ಸಿಮೆಂಟ್ ಬಳೆ ಮರಳಿನ ಮೇಲೆ ಒಂದೇ ಒಂದು ಕಾಣುತ್ತಿತ್ತು. ಮಂಡಿಯೆತ್ತರ, ಅಷ್ಟೇ. ಅದರ ಮೇಲೆ ಕೂತು ತಲೆಗೂದಲು ಒಣಗಿಸಿಕೊಂಡದ್ದು ಅವಳಿಗೆ ನೆನಪಿದೆ. ಮರುವರ್ಷ ಎರಡು ಬಳೆ. ಈಗ, ಮೂರು ವರ್ಷ ತುಂಬುವಷ್ಟರಲ್ಲಿ, ನಾಲ್ಕು. ಬಾವಿ ಅವಳಿಗಿಂತ ಎತ್ತರವಾಗಿ, ನೆಲದಿಂದ ಎದ್ದ ಹೊಗೆಗೂಡಿನ ಹಾಗೆ ಬೋಳುಬೋಳಾಗಿ ನಿಂತಿತ್ತು. ನೀರು ಸೇದಬೇಕೆಂದರೆ ಏಣಿ ಹಾಕಬೇಕು. ಸೇದಿದರೂ ಬರುವುದು ಉಪ್ಪುನೀರು. ಮನೆಯಲ್ಲಿ ಮಾತ್ರ ಯಾರೂ ಆ ವಿಷಯದಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬಾವಿ ಬೆಳೆಯುತ್ತಿಲ್ಲ, ಕಾಲಡಿಯ ನೆಲ ಹೋಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೇನೋ ಎಂಬ ಹಾಗೆ.

ಅವಳು ಒಳನಾಡಿನವಳು. ನೆಲವೆಂದರೆ ಕದಲದ್ದು ಎಂದೇ ನಂಬಿ ಬೆಳೆದವಳು. ಇಲ್ಲಿ ಊರೆಂದರೆ ಉದ್ದನೆಯ ಒಂದು ಮರಳುಪಟ್ಟಿ. ಎದುರಿಗೆ ಸಮುದ್ರ, ಬೆನ್ನಿಗೆ ಹಿನ್ನೀರು, ನಡುವೆ ನಲವತ್ತು ಮನೆ. ಗಂಡ ಬೆಳಗಾದರೆ ಮೀನಿಗೆ ಹೊರಡುತ್ತಿದ್ದ. ಅವಳು ಮುಂದಿನ ಕೋಣೆಯಲ್ಲಿ ಕೂತು ದೋಣಿಗೆ ಹೊದಿಸುವ ಟಾರ್ಪಾಲು ಹೊಲಿಯುತ್ತಿದ್ದಳು. ಮಷಿನಿನ ಪಕ್ಕದಲ್ಲೇ ಹತ್ತು ತಿಂಗಳ ಮಗಳ ತೊಟ್ಟಿಲು. ಅಲೆ ಬಡಿದರೆ ಅದರ ಅದುರು ನೆಲದೊಳಗಿಂದ ಹಾದು ಪೆಡಲಿನ ಮೇಲಿದ್ದ ಅವಳ ಅಂಗಾಲಿಗೆ ತಾಗುತ್ತಿತ್ತು. ಮೊದಮೊದಲು ಉಬ್ಬರದ ದಿನ ಮಾತ್ರ. ಈಚೆಗೆ ದಿನವೂ. ಗಿರಾಕಿಗಳ ಅಳತೆ ಬರೆದಿಡುವ ಪುಸ್ತಕದ ಕೊನೆಯ ಪುಟದಲ್ಲಿ ಅವಳು ತಿಂಗಳಿಗೊಮ್ಮೆ ಬಾವಿಯ ಎತ್ತರವನ್ನು ಟೇಪು ಹಿಡಿದು ನೋಡಿ ಬರೆಯುತ್ತಿದ್ದಳು. ಯಾರಿಗೂ ತೋರಿಸುತ್ತಿರಲಿಲ್ಲ.

ಅತ್ತೆಗೆ ಊರಿಟ್ಟ ಹೆಸರು ಪೊರಕೆಯಮ್ಮ. ಕಡ್ಡಿಪೊರಕೆ ಹಿಡಿದು ಹೊಸ್ತಿಲಿಂದ ನೀರಿನ ಅಂಚಿನವರೆಗೂ ಗುಡಿಸುವ ಹೆಂಗಸು ಆ ಊರಿಗೆಲ್ಲ ಅವರೊಬ್ಬರೇ. ಹಬ್ಬಲು ಬಂದ ಬಳ್ಳಿ ಕಿತ್ತು ಬಿಸಾಡುವುದು, ಅಲೆ ತಂದಿಟ್ಟ ಪಾಚಿ ಬಳಿಯುವುದು, ಮರಳು ಎಲ್ಲಾದರೂ ಗುಪ್ಪೆಗಟ್ಟಿದರೆ ಕಾಲಿಂದ ಒದ್ದು ಸಮಮಾಡುವುದು. ಬಾಗಿಲಲ್ಲಿ ನಿಂತರೆ ಸಮುದ್ರಕ್ಕೂ ಕಣ್ಣಿಗೂ ನಡುವೆ ಒಂದು ಹುಲ್ಲುಕಡ್ಡಿ ಇರಬಾರದು. ಅವರ ಅಂಗಳದಲ್ಲಿ ಹಾಸಿಗೆಯಿಲ್ಲದೆ ಮಲಗಬಹುದು ಎಂದು ಊರು ಹೊಗಳುತ್ತಿತ್ತು.

ಆ ತಿಂಗಳು ಅಳತೆಯಕ್ಕ ಬಂದಳು. ತೀರ ಅಳೆಯುವ ಕಚೇರಿಯವಳು. ಕೆಂಪು ಬಿಳಿ ಪಟ್ಟೆಯ ಕೋಲು ಹೊತ್ತು ವರ್ಷಕ್ಕೆ ನಾಲ್ಕು ಸಲ ಬರುವವಳು.

“ಬಂದಳಪ್ಪಾ, ಸಮುದ್ರಕ್ಕೆ ಅಂಗಿ ಹೊಲಿಯೋಳು,” ಅತ್ತೆ ಗುಡಿಸುತ್ತಲೇ ಅಂದರು. “ಯಾವಾಗಮ್ಮ ಹೊಲಿದು ಕೊಡೋದು? ಅಳತೆ ತಗೊಂಡು ತಗೊಂಡೇ ಮುದುಕಿ ಆಗ್ತೀಯ.”

“ಏನ್ಮಾಡ್ಲಿ ಅಮ್ಮ, ಗಿರಾಕಿ ಒಂದು ಕಡೆ ನಿಲ್ತಾನೇ ಇಲ್ಲ,” ಅಳತೆಯಕ್ಕ ಕೋಲು ಊರಿದಳು. “ಹೋದ ವರ್ಷಕ್ಕಿಂತ ನಿಮ್ಮ ಮನೆ ಕಡೆಗೆ ಹನ್ನೆರಡು ಹೆಜ್ಜೆ ಬಂದಿದ್ದಾನೆ.”

ಒಳಗೆ ಮಷಿನು ನಿಂತಿತು. ಸೊಸೆ ಅಳತೆ ಪುಸ್ತಕವನ್ನು ಎದೆಗವಚಿಕೊಂಡು ಹೊರಗೆ ಬಂದಳು. ಕೊನೆಯ ಪುಟ ತೆರೆದು ಅಳತೆಯಕ್ಕನ ಕಡೆ ಚಾಚಿದಳು.

ಅಳತೆಯಕ್ಕ ಓದಿ ಅವಳ ಮುಖ ನೋಡಿದಳು. “ನಿನ್ನ ಟೇಪೂ ನನ್ನ ಕೋಲೂ ಒಂದೇ ಮಾತು ಹೇಳ್ತಿವೆ ಕಣೇ.”

“ಆಹಾ! ಮನೆಯೊಳಗೇ ಗೂಢಚಾರಿ,” ಅಂದರು ಅತ್ತೆ.

“ಅಮ್ಮ, ಈ ನೆಲ ನಿಮಗೆ ಯಾರು ಕೊಟ್ಟದ್ದು?” ಅಳತೆಯಕ್ಕ ಅತ್ತೆಯನ್ನು ಕೇಳಿದಳು.

“ನಮ್ಮ ಮಾವ ಬಿಟ್ಟುಹೋದದ್ದು. ಇನ್ಯಾರು?”

“ಅವರಿಗಿಂತ ಮುಂಚೆ ನದಿ ಕೊಟ್ಟದ್ದು. ಬೆಟ್ಟದ ಕಲ್ಲು ಪುಡಿಪುಡಿಯಾಗಿ ನದೀಲಿ ಇಳಿದು ಬಂತು. ಅಲೆ ಅದನ್ನ ತೀರದುದ್ದಕ್ಕೂ ಎಳ್ಕೊಂಡು ಬಂದು ಇಲ್ಲಿ ಗುಡ್ಡೆ ಹಾಕ್ತು. ಒಣಗಿದ ಮೇಲೆ ಗಾಳಿ ಎತ್ತಿ ಒಳಕ್ಕೆ ತೂರ್ತು. ಬಳ್ಳಿ, ಹುಲ್ಲು ಹಿಡಿದು ನಿಲ್ಲಿಸಿದ್ವು. ಹಾಗೆ ಆಗಿದ್ದು ಈ ಊರು. ಸಾವಿರಾರು ವರ್ಷದ ಕೆಲಸ. ಇನ್ನೂ ಮುಗಿದಿಲ್ಲ, ನಡೀತಾನೇ ಇದೆ.”

“ಮರಳಿಗೆ ಕಾಲಿದೆಯಾ ನಡೆಯೋಕೆ?”

ಅಳತೆಯಕ್ಕ ಒಳಗೆ ಬಂದು, ಮೇಜಿನ ಮೇಲೆ ಹರಡಿದ್ದ ಟಾರ್ಪಾಲಿನ ಒಂದು ಅಂಚು ಹಿಡಿದು ನಿಧಾನ ಸುರುಳಿ ಸುತ್ತತೊಡಗಿದಳು. “ದೊಡ್ಡ ಬಿರುಗಾಳಿ ಬಂದಾಗ ಅಲೆ ಮುಂದಿನ ಮರಳು ಎತ್ತಿ, ಊರ ಮೇಲಿಂದ ಹಾಯಿಸಿ, ಹಿನ್ನೀರಿನ ಕಡೆ ಸುರೀತದೆ. ಮುಂದೆ ಕರಗ್ತದೆ, ಹಿಂದೆ ಬೆಳೀತದೆ. ಚಾಪೆ ಉರುಳಿದ ಹಾಗೆ ಇಡೀ ಊರು ಹಿಂದಕ್ಕೆ ಉರುಳ್ತಾ ಇದೆ, ಅಮ್ಮ.”

ಟಾರ್ಪಾಲಿನ ಮೇಲೆ ಮಗುವಿನ ಟೋಪಿಯಿತ್ತು. ಸುರುಳಿ ಅದರ ಹತ್ತಿರ ಬಂತು, ಮುಟ್ಟಿತು, ಒಳಗೆಳೆದುಕೊಂಡಿತು. ಸೊಸೆ ಕೈಚಾಚಿ ಟೋಪಿಯನ್ನು ಕಸಿದು ತೆಗೆದಳು.

“ಈ ಬಾವಿ ತೋಡಿದಾಗ ಇದು ಊರ ನಡುಮಧ್ಯ ಇತ್ತಂತೆ,” ಅಳತೆಯಕ್ಕ ಅತ್ತೆಯ ಕಡೆ ತಿರುಗಿದಳು. “ಮುಂದೆ ಇನ್ನೂ ಎರಡು ಸಾಲು ಮನೆ. ಎಲ್ಲಿ ಅವೆಲ್ಲ?”

“ಅವರು ಊರು ಬಿಟ್ಟು ಹೋದ್ರು.”

“ಮನೇನೂ ಹೊತ್ಕೊಂಡು ಹೋದ್ರಾ?”

ನೀರು ತೀರ ಇಳಿದ ದಿನ ಬಾವಿಯಿಂದಾಚೆ, ಅಲೆಗಳ ನಡುವೆ ಒಂದು ಹೊಸ್ತಿಲ ಕಲ್ಲು ಕಾಣುವುದು ಅತ್ತೆಗೂ ಸೊಸೆಗೂ ಗೊತ್ತಿತ್ತು.

“ಹಾಗಾದ್ರೆ ನಾಲ್ಕು ಲೋಡು ಕಲ್ಲು ತರಿಸಿ ಗೋಡೆ ಕಟ್ಟಿಸ್ತೀನಿ,” ಅತ್ತೆ ಕೊನೆಗೆ ಅಂದರು.

“ಗೋಡೆಗೆ ಬಡಿದ ಅಲೆ ಸುಮ್ನೆ ವಾಪಸ್ ಹೋಗಲ್ಲ, ಬುಡದ ಮರಳು ಬಾಚ್ಕೊಂಡೇ ಹೋಗ್ತದೆ. ಆಮೇಲೆ ನಿಮ್ಮ ತೀರ ಹೋಯ್ತು, ಪಕ್ಕದ ಮನೆ ತೀರಾನೂ ಹೋಯ್ತು. ದಿಬ್ಬ ಹಾಗಲ್ಲ. ತಾನು ಸವೆದು ಅಲೆ ಸಿಟ್ಟು ಇಳಿಸ್ತದೆ, ಆಮೇಲೆ ಗಾಳಿ ಅದನ್ನ ಮತ್ತೆ ಕಟ್ತದೆ. ಆದ್ರೆ ನಿಮ್ಮ ಮುಂದೆ ದಿಬ್ಬಾನೇ ಇಲ್ವಲ್ಲ. ಗುಡಿಸಿಬಿಟ್ಟಿದ್ದೀರಿ.”

“ಚೊಕ್ಕವಾಗಿರೋದೂ ತಪ್ಪಾ ಈಗ?”

“ಪ್ಲಾಸ್ಟಿಕ್ ಎತ್ತಿ, ಹರಿದ ಬಲೆ ಎತ್ತಿ, ಕೈಮುಗೀತೀನಿ. ಬಳ್ಳಿ, ಒಣಪಾಚಿ ಮಾತ್ರ ಬಿಡಿ. ಅದು ಕಸ ಅಲ್ಲ ಅಮ್ಮ, ಮರಳು ಹಿಡಿಯೋ ಕೈ.”

“ನನ್ನ ಅಂಗಳ, ನನ್ನ ಪೊರಕೆ,” ಅಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಹುಣ್ಣಿಮೆಯ ದೊಡ್ಡ ಉಬ್ಬರದ ದಿನ, ನಡುಮಧ್ಯಾಹ್ನ. ಗಾಳಿಯಿಲ್ಲ, ಮೋಡವಿಲ್ಲ. ಸಮುದ್ರ ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಸೊಸೆ ಹೊಲಿಯುತ್ತಿದ್ದಳು. ಅಂಗಾಲಿಗೆ ಅದುರು ತಾಗುತ್ತಿಲ್ಲವಲ್ಲ ಎಂದು ಅವಳಿಗೆ ಅನಿಸಿದ್ದೂ ಕಾಲು ತಣ್ಣಗಾದದ್ದೂ ಒಟ್ಟಿಗೇ. ಬಗ್ಗಿ ನೋಡಿದಳು. ನೀರು. ಸದ್ದಿಲ್ಲದೆ, ಬೆರಳುದ್ದವೂ ಆಳವಿಲ್ಲದೆ, ಗುಡಿಸಿ ನುಣುಪಾಗಿಸಿದ ಅಂಗಳದ ಮೇಲೆ ಜಾರಿಕೊಂಡು ಬಂದು, ಹೊಸ್ತಿಲು ಹತ್ತಿ ಒಳಗೆ ಹರಡುತ್ತಿತ್ತು. ದಾರದ ಉಂಡೆಯೊಂದು ತೇಲಿಕೊಂಡು ಗೋಡೆಯ ಕಡೆಗೆ ಹೋಯಿತು. ನೀರು ತೊಟ್ಟಿಲ ಕಾಲನ್ನು ಸುತ್ತಿತು. ಅವಳಿಗೆ ಕೂಗಬೇಕು, ದನಿ ಹೊರಡಲಿಲ್ಲ. ಏಳಬೇಕು, ಕಾಲು ತನ್ನದಲ್ಲ. ಮಗು ತೊಟ್ಟಿಲಲ್ಲಿ ಎದ್ದು ಕೂತು ನೀರು ನೋಡಿ ಕೇಕೆ ಹಾಕಿತು.

ಹೊರಗೆ ಗುಡಿಸುತ್ತಿದ್ದ ಅತ್ತೆ ಪೊರಕೆಯನ್ನು ಮರಳಿಗೆ ಚುಚ್ಚಿ ಓಡಿಬಂದರು. ಮಗುವನ್ನು ಬಾಚಿಕೊಂಡು, ಸೊಸೆಯ ರಟ್ಟೆ ಹಿಡಿದೆಳೆದು ಹಿಂಬಾಗಿಲಿಗೆ ಬಂದರು. ಅಷ್ಟರಲ್ಲಿ ನೀರು ಬಂದ ಹಾಗೆಯೇ, ಏನೂ ಆಗಿಲ್ಲವೆಂಬಂತೆ, ಹಿಂದಕ್ಕೆ ಹೋಯಿತು. ನೆಲದ ಮೇಲೆ ನೊರೆಯ ಗೆರೆಯೊಂದು ಉಳಿದಿತ್ತು.

ಎಡಗಡೆಯ ಮನೆಯ ಅಂಗಳ ಒಣಗಿತ್ತು. ಬಲಗಡೆಯದೂ ಒಣಗಿತ್ತು. ಎರಡರ ಮುಂದೆಯೂ ಬಳ್ಳಿ ಹಬ್ಬಿದ, ಯಾರೂ ಗುಡಿಸದ ದಿಬ್ಬ. ನೀರು ಬಂದದ್ದು ಪೊರಕೆ ಬಿಡಿಸಿಟ್ಟ ದಾರಿಯಲ್ಲಿ ಮಾತ್ರ.

“ಅತ್ತೆ, ನಾನು ಮಗೂನ ಕರ್ಕೊಂಡು ತವರಿಗೆ ಹೋಗ್ತೀನಿ,” ಎಂದಳು ಸೊಸೆ. ಮೂರು ವರ್ಷದಲ್ಲಿ ಅವಳು ಅತ್ತೆಗೆ ಎದುರಾಡಿದ್ದು ಅದೇ ಮೊದಲು. “ಇವತ್ತು ಬಿರುಗಾಳಿ ಕೂಡ ಇರಲಿಲ್ಲ.”

ಅತ್ತೆ ಮಗುವಿನ ಒದ್ದೆ ಕಾಲನ್ನು ತಮ್ಮ ಬಟ್ಟೆಯಲ್ಲಿ ಒರೆಸುತ್ತಿದ್ದರು. ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

“ನಿನ್ನ ಮಾವನ ದೋಣಿ ಮಗುಚಿದ್ದು ಅಗೋ, ಅಲ್ಲಿ. ಕೂಗಿದ್ರೆ ಕೇಳೋಷ್ಟು ಹತ್ತಿರ. ಆಗ ಇಲ್ಲಿ ಆಳೆತ್ತರ ದಿಬ್ಬ ಇತ್ತು. ದಿಬ್ಬದ ಈಚೆ ನಾನು ಬಟ್ಟೆ ಒಗೀತಿದ್ದೆ. ಹಾಡ್ಕೊಂಡು ಒಗೀತಿದ್ದೆ ಕಣೇ.” ಮಗುವಿನ ಕಾಲನ್ನು ಮಡಿಲಿಗೆ ಎಳೆದುಕೊಂಡು ಅಂದರು, “ಕಂಡಿದ್ರೆ ನಾಲ್ಕು ಜನರನ್ನಾದ್ರೂ ಕೂಗ್ತಿದ್ದೆ. ಅವತ್ತಿಂದ ಗುಡಿಸ್ತಿದ್ದೀನಿ. ನನ್ನ ಮಗನ ದೋಣಿ ನನಗೆ ಹೊಸ್ತಿಲಿಂದ ಕಾಣಬೇಕು.”

ಸೊಸೆ ತವರಿಗೆಂದು ತೆಗೆದ ಚೀಲವನ್ನು ತುಂಬಲೂ ಇಲ್ಲ, ಎತ್ತಿಡಲೂ ಇಲ್ಲ. ತೊಟ್ಟಿಲನ್ನೂ ಮಷಿನನ್ನೂ ಹಿಂದಿನ ಕೋಣೆಗೆ ಎಳೆದಳು.

ಆಮೇಲೆ ಎಂಟು ದಿನ ಒಂದೇ ಸಮನೆ ಗಾಳಿ. ಅತ್ತೆ ಅಂಗಳಕ್ಕಿಳಿಯಲಿಲ್ಲ. ಒಂಬತ್ತನೆಯ ಬೆಳಗ್ಗೆ ಅವರ ಕೂಗು ಕೇಳಿ ಸೊಸೆ ಮೊದಲು ಮಗುವನ್ನು ಎತ್ತಿಕೊಂಡಳು.

“ಏ, ಬಾರೇ ಇಲ್ಲಿ! ನನ್ನ ಪೊರಕೆಗೆ ಬಾಲ ಬಂದಿದೆ!”

ಅವತ್ತು ಚುಚ್ಚಿ ಓಡಿಬಂದ ಪೊರಕೆ ಅರ್ಧ ಹೂತುಹೋಗಿ ನಿಂತಿತ್ತು. ಅದರ ಹಿಂದೆ, ಗಾಳಿ ಮರೆಯಾದ ಕಡೆ, ತೋಳುದ್ದದ ಮರಳ ದಿಣ್ಣೆ. ಬೆಕ್ಕು ಬಾಲ ಚಾಚಿ ಮಲಗಿದ ಹಾಗೆ. ಅತ್ತೆ ಅಭ್ಯಾಸದಂತೆ ಅದನ್ನು ಒದೆಯಲು ಕಾಲೆತ್ತಿದರು. ಎತ್ತಿದ ಕಾಲು ಅಲ್ಲೇ ನಿಂತಿತು. ನಿಧಾನವಾಗಿ ಹಿಂದಕ್ಕಿಟ್ಟರು.

“ಒಂದು ಪೊರಕೆ. ಎಂಟು ದಿನ,” ಅಂದರು. “ನಾನು ಗುಡಿಸಿದ್ದು ಎಷ್ಟು ವರ್ಷ ಅಂತ ಲೆಕ್ಕ ಹಾಕು ಮತ್ತೆ.”

ಸೊಸೆ ಮನೆಯ ಮಾಡಿನ ಕಡೆ ತಲೆಯೆತ್ತಿ ನೋಡಿದಳು. “ಅತ್ತೆ... ದಿಬ್ಬಕ್ಕಿಂತ ಎತ್ತರದಲ್ಲಿ ಕೂತ್ರೆ ದೋಣಿ ಕಾಣ್ತದಲ್ವಾ? ಮನೆ ಹಿಂದೆ ಒಂದು ಅಟ್ಟಣೆ ಕಟ್ಟಿಸಿದ್ರೆ?”

“ಈ ವಯಸ್ಸಲ್ಲಿ ನನ್ನನ್ನ ಕಾಗೆ ಮಾಡಿ ಕೂರಿಸ್ತೀಯಾ?” ಅಂದರು ಅತ್ತೆ. ಆದರೆ ಸಂಜೆ ಮಗ ಬರುತ್ತಲೇ, ಹಳೆಯ ದೋಣಿಯ ಹಲಗೆ ಎಲ್ಲಿಟ್ಟಿದ್ದೀಯೋ ಎಂದು ಕೇಳಿದ್ದೂ ಅವರೇ.

ನಲವತ್ತು ಮನೆಯ ಸವೆದ ಪೊರಕೆಗಳನ್ನೆಲ್ಲ ಪೊರಕೆಯಮ್ಮ ಬೇಡಿ ತಂದರು. “ಅಮ್ಮ ಪೊರಕೆ ಬಿತ್ತನೆ ಮಾಡ್ತಿದ್ದಾರೆ, ಮಳೆ ಬಿದ್ರೆ ಚಿಗುರ್ತದೆ!” ಎಂದು ಊರು ನಕ್ಕಿತು. ಅಳತೆಯಕ್ಕ ಬಂದು, ಎಡಬಲದ ದಿಬ್ಬಗಳ ಸಾಲಿಗೆ ಸೇರಿಸಿ, ಗಾಳಿಗೆ ಅಡ್ಡವಾಗಿ, ನಡುವೆ ಸಂದುಬಿಟ್ಟು ನೆಡಿಸಿದಳು. ಮರಳು ಗುಪ್ಪೆಗಟ್ಟಿದ ಕಡೆ ಊರ ತುದಿಯಿಂದ ತಂದ ಬಳ್ಳಿಯ ತುಂಡು ಊರಿದರು. ನೀರಿಗಿಳಿಯುವ ಕಾಲುದಾರಿಯನ್ನು ಓರೆಯಾಗಿ ಬಿಟ್ಟರು. ನೇರ ಬಿಟ್ಟರೆ ಅಲೆಗೆ ಬಾಗಿಲು ತೆರೆದಿಟ್ಟಂತೆ. ಒಂದು ವರ್ಷಕ್ಕೆ ದಿಬ್ಬ ಸೊಂಟದೆತ್ತರ ಬಂತು; ಮನೆಯ ಹಿಂದೆ ಹಳೆಯ ಹಲಗೆಯ ಅಟ್ಟಣೆಯೂ ಎದ್ದಿತ್ತು.

“ಇನ್ನು ಹೆದರಿಕೆ ಇಲ್ವಾ ಅಕ್ಕ?” ಸೊಸೆ ಕೇಳಿದಳು.

ಅಳತೆಯಕ್ಕ ಸುಳ್ಳು ಹೇಳಲಿಲ್ಲ. “ಇದೆ. ದಿಬ್ಬ ನಮಗೆ ಸಮಯ ಕೊಡ್ತದೆ, ಅಷ್ಟೇ. ಊರು ಉರುಳೋದು ನಿಲ್ಲಲ್ಲ. ಹೊಸದಾಗಿ ಕಟ್ಟೋದಾದ್ರೆ ಹಿಂದಕ್ಕೆ ಕಟ್ಟಿ, ಕಂಬದ ಮೇಲೆ, ಬಿಚ್ಚಿ ಒಯ್ಯೋ ಹಾಗೆ. ಬಿರುಗಾಳಿ ಎಚ್ಚರಿಕೆ ಬಂದ ದಿನ ಮಾತ್ರ ದಿಬ್ಬ ನಂಬ್ಕೊಂಡು ಕೂರಬೇಡಿ. ಹಿನ್ನೀರು ದಾಟಿ ಹೋಗಿಬಿಡಿ.”

ಎಚ್ಚರಿಕೆ ಬಂತು, ಮುಂದಿನ ಮಳೆಗಾಲದ ಒಂದು ಬೆಳಗ್ಗೆ. ಗಂಡ ತನ್ನ ದೋಣಿಯಲ್ಲಿ ಹತ್ತು ಹತ್ತು ಜನರನ್ನು ಆಚೆ ದಡಕ್ಕೆ ದಾಟಿಸಿದ. ಎರಡು ದಿನ ಅವರು ಶಾಲೆಯೊಂದರ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತರು. ಮಗು ಕೇಕೆ ಹಾಕಿದಾಗಲೆಲ್ಲ ಸೊಸೆ ಬೆಚ್ಚಿ ನೆಲ ನೋಡುತ್ತಿದ್ದಳು.

ಮರಳಿ ಬಂದಾಗ ಬಾವಿ ಇರಲಿಲ್ಲ. ಕಳಚಿಬಿದ್ದ ಸಿಮೆಂಟ್ ಬಳೆಗಳು ಅಲೆಯಲ್ಲಿ ಓರೆಯಾಗಿ ಬಿದ್ದು ಮುಳುಗಿ ಏಳುತ್ತಿದ್ದವು. ದಿಬ್ಬದ ಮುಂಭಾಗವನ್ನು ಚಾಕುವಿನಿಂದ ಕೊಯ್ದ ಹಾಗೆ ಸಮುದ್ರ ಅರ್ಧಕ್ಕೆ ತಿಂದಿತ್ತು. ಉಳಿದರ್ಧ ನಿಂತಿತ್ತು. ಸೊಸೆ ಕಣ್ಣುಮುಚ್ಚಿಕೊಂಡೇ ಬಾಗಿಲು ತಳ್ಳಿದಳು. ನೆಲ ಒಣಗಿತ್ತು. ದಾರದ ಉಂಡೆಗಳು ಇಟ್ಟಲ್ಲೇ ಇದ್ದವು.

ಹಿಂದಿನಿಂದ ಅತ್ತೆ ಮೂಲೆಗೆ ಕೈಹಾಕಿ ಪೊರಕೆ ಎತ್ತಿಕೊಂಡು ಹೊರಗೆ ಹೋದರು. ಮತ್ತೆ ಗುಡಿಸಲು ಹೊರಟರೇನೋ ಎಂದು ಸೊಸೆ ಹಿಂದೆಯೇ ಓಡಿದಳು. ಅತ್ತೆ ದಿಬ್ಬದ ಕೊಯ್ದ ಅಂಚಿಗೆ ಹೋದರು. ಸಮುದ್ರವನ್ನು ಒಂದು ಸಲ ನೋಡಿದರು. ಆಮೇಲೆ ಪೊರಕೆಯನ್ನು ನೆಟ್ಟಗೆ ಮರಳಿಗೆ ಚುಚ್ಚಿ, ಅಲ್ಲಾಡಿಸಿ ಗಟ್ಟಿಮಾಡಿ, ಕೈಕೊಡವಿಕೊಂಡು ಮಗನ ದೋಣಿ ನೋಡಲು ಅಟ್ಟಣೆ ಹತ್ತಿದರು.

ಅಕ್ಕಂದಿರೇ, ಅಮ್ಮಂದಿರೇ, ತೀರದಲ್ಲಿ ಬಾಳುವ ಎಲ್ಲರೇ, ನಿಮ್ಮ ಮನೆಯ ಮುಂದೆ ತಾನಾಗಿ ಹಬ್ಬಿದ ಬಳ್ಳಿಯನ್ನು ಕೀಳಬೇಡಿ. ದಿಬ್ಬದ ಮರಳನ್ನು ಒಂದು ಬುಟ್ಟಿಯಷ್ಟೂ ತೆಗೆಯಬೇಡಿ, ತೆಗೆಯುವವರನ್ನು ಕಂಡರೆ ಸುಮ್ಮನಿರಬೇಡಿ. ಎಚ್ಚರಿಕೆ ಬಂದರೆ ಹೊರಡಿ. ಮತ್ತೆ, ನಾಳೆ ಬೆಳಗ್ಗೆ ಒಂದು ಸಣ್ಣ ಕೆಲಸ ಮಾಡಿ: ಉಬ್ಬರದ ನೀರು ಬಂದು ನಿಂತ ಗೆರೆಯಿಂದ ನಿಮ್ಮ ಹೊಸ್ತಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ ಬರೆದಿಡಿ. ಮುಂದಿನ ತಿಂಗಳು ಮತ್ತೆ ಎಣಿಸಿ. ಕಡಿಮೆಯಾಗಿದ್ದರೆ ಹೆದರಿಕೆಯನ್ನು ಪುಸ್ತಕದ ಕೊನೆಯ ಪುಟದಲ್ಲಿ ಬಚ್ಚಿಡಬೇಡಿ. ಪಕ್ಕದ ಮನೆಯವರಿಗೆ ಹೇಳಿ, ತೀರ ಅಳೆಯುವವರಿಗೆ ಹೇಳಿ.

ಬಾವಿ ಬೆಳೆಯುವವರೆಗೆ ಕಾಯಬೇಡಿ.