ಎಡಗಿವಿಯ ಒಪ್ಪಿಗೆ

ನಾಲ್ಕೂವರೆ ಮೀಟರ್ ಕಪ್ಪು ಬಟ್ಟೆ, ಮೂರು ಮೀಟರ್ ಕೆಂಪು ಲೈನಿಂಗ್, ಹದಿನೇಳು ಗುಂಡಿ, ದರ್ಜಿಯಮ್ಮನ ಆರು ಸಂಜೆ, ಜೊತೆಗೆ ಅವಳ ಬೆನ್ನುನೋವು — ಸರಳವಾಗಿ ಬದುಕಿ ಎಂದು ಜನರಿಗೆ ಹೇಳಲು ನನಗೆ ತಗಲುವ ಖರ್ಚು ಇಷ್ಟು, ಮೇಲೆ ಈ ಸ್ಟೂಲು ಬೇರೆ, ಅಲುಗಾಡುವ ಸ್ಟೂಲಿನ ಮೇಲೆ ನಿಂತವನಿಗೆ ದೇವರ ನೆನಪು ತಾನಾಗಿಯೇ ಬರುತ್ತದೆ, ಕೆಳಗೆ ಅವಳು ಮಂಡಿಯೂರಿ ನನ್ನ ಹೊಸ ನಿಲುವಂಗಿಯ ಅಂಚು ಮಡಿಸುತ್ತಿದ್ದಾಳೆ, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ, ನಾವು ಪಾದ್ರಿಗಳೂ ಹೀಗೆ ನಾಲ್ಕು ಕಚ್ಚಿಕೊಂಡು ಉಪದೇಶಕ್ಕೆ ನಿಂತರೆ ಭಾನುವಾರ ಎಲ್ಲರೂ ಬೇಗ ಮನೆ ಸೇರಬಹುದು — ಅಣ್ಣ, ಆ ದೀಪ ಸ್ವಲ್ಪ ಈ ಕಡೆ ತಿರುಗಿಸು, ಎನ್ನುತ್ತಾಳೆ, ಯಾವ ಅಣ್ಣ, ಇಸ್ತ್ರಿ ಮೇಜಿನ ಹಿಂದಿನಿಂದ ನರೆಗೂದಲಿನವನೊಬ್ಬ ಬಂದು ದೀಪ ತಿರುಗಿಸುತ್ತಾನೆ, ಅಯ್ಯೋ, ಅವನೇ, ತಾಯಿ ಆಸ್ಪತ್ರೆಯಲ್ಲಿದ್ದಾಗ ತಾಯಿಯ ಹೊಲಿಗೆ ಮೆಷಿನ್ನನ್ನು ಮಾರಿ ಮಾಯವಾದವನು, ಒಂಬತ್ತು ವರ್ಷ ಇವಳು ಅವನ ಮುಖ ನೋಡಿರಲಿಲ್ಲ, ಅವನ ಕೈಗೆ ಒಂದು ಗುಂಡುಸೂಜಿನೂ ಕೊಡಲ್ಲ ಫಾದರ್ ಎಂದಿದ್ದಳು, ಕ್ಷಮೆಯ ಬಗ್ಗೆ ಇವಳಿಗೆಂದೇ ಎರಡು ಉಪದೇಶ ಕೊಟ್ಟಿದ್ದೆ, ಎರಡನ್ನೂ ಚೆನ್ನಾಗಿತ್ತು ಅಂದಳು, ಅಷ್ಟೇ.

ನೀವು ಅವತ್ತು ಹೂಂ ಅಂದಿದ್ದಕ್ಕೇ ಇವನನ್ನ ಒಳಗೆ ಬಿಟ್ಟಿದ್ದು ಫಾದರ್, ಎನ್ನುತ್ತಾಳೆ, ನಾನೇ, ಯಾವತ್ತು — ಹಾಂ, ಅಳತೆ ತೆಗೆದ ದಿನ, ಟೇಪು ನನ್ನ ಎಡಹೆಗಲ ಮೇಲಿತ್ತು, ಅವಳು ಏನೋ ಗೊಣಗಿದಳು, ಎಡಗಿವಿ ಹೋಗಿ ವರ್ಷವಾಯಿತು, ಬಿಷಪ್‌ಗೆ ತಿಳಿದರೆ ಮನೆಗೆ ಕಳಿಸಿಬಿಡುತ್ತಾರೆಂದು ಯಾರಿಗೂ ಹೇಳಿಲ್ಲ, ನನಗೆ ಕೇಳಿಸಿದ್ದು ಒಳಗಿನ ಬಣ್ಣ ಬಿಡಲ್ಲ ಎಂದು, ಹಳೆಯ ನಿಲುವಂಗಿಯ ಲೈನಿಂಗು ಬಣ್ಣ ಬಿಟ್ಟು ಬೆನ್ನೆಲ್ಲ ಕೆಂಪಾಗಿತ್ತಲ್ಲ, ಬಹಳ ಸಂತೋಷ ಕಣಮ್ಮ, ಹಾಗೇ ಆಗಲಿ ಎಂದೆ, ಆದರೆ ಅವಳು ನಿಜಕ್ಕೂ ಕೇಳಿದ್ದು ಒಳಗೆ ಅಣ್ಣನ್ನ ಬಿಡ್ಲಾ ಎಂದು — ನಾನು ಲೈನಿಂಗನ್ನು ಆಶೀರ್ವದಿಸಿದ್ದೆ, ದೇವರೇ, ಈಗ ಸುಮ್ಮನಿದ್ದರೆ ಒಳ್ಳೆಯ ಹೆಸರು ನನ್ನದು, ಬಾಯಿ ಬಿಟ್ಟರೆ ಅವಳ ಧೈರ್ಯಕ್ಕಿದ್ದ ಆಸರೆ ಹೋಗಿ ಅವನು ಮತ್ತೆ ಬೀದಿಗೆ, ನೋಡು ಹೇಗೆ ನಿಂತಿದ್ದಾನೆ, ಮನೆಯವರು ಹೇಳದೆ ಕುರ್ಚಿಯಲ್ಲಿ ಕೂರಬಾರದು ಎನ್ನುವವನ ಹಾಗೆ, ಆದರೆ ಸುತ್ತಲೂ ಗುಂಡುಸೂಜಿ ಚುಚ್ಚಿರುವ ಬಟ್ಟೆಯೊಳಗೆ ನಿಂತು ಸುಳ್ಳು ನುಂಗುವುದು ಕಷ್ಟ, ಅಮ್ಮಾ, ನನಗೆ ಅವತ್ತು ಕೇಳಿಸಿರಲಿಲ್ಲ, ನಾನು ಬಟ್ಟೆಯ ಬಣ್ಣದ ಮಾತು ಅಂದುಕೊಂಡೆ, ಎಂದುಬಿಟ್ಟೆ, ಮತ್ತೆ ಇಸ್ತ್ರಿ ಹಿಡಿದಿದ್ದ ಅಣ್ಣನ ಕೈ ಅಲ್ಲೇ ನಿಂತಿತು.

ಗೊತ್ತು ಫಾದರ್ — ತುಟಿ ಬಿಚ್ಚದೆಯೇ ನಗುತ್ತಾಳೆ, ಗುಂಡುಸೂಜಿಗಳು ಕುಣಿಯುತ್ತವೆ — ಅದಕ್ಕೇ ಎಡಗಡೆ ನಿಂತು ಕೇಳಿದ್ದು, ಆ ಕಿವಿ ಕೇಳಲ್ಲ ಅಂತ ಊರಿಗೇ ಗೊತ್ತು, ಬಲಗಡೆ ಕೇಳಿದ್ರೆ ನೀವು ಅರ್ಧ ಗಂಟೆ ಬುದ್ಧಿ ಹೇಳ್ತಿದ್ರಿ, ಅಷ್ಟೊತ್ತಿಗೆ ನನ್ನ ಮನಸ್ಸು ತಿರುಗಿಬಿಡ್ತಿತ್ತು, ಯಾರಾದ್ರೂ ಒಬ್ಬರ ಬಾಯಲ್ಲಿ ಹೂಂ ಅನ್ನಿಸಬೇಕಿತ್ತು ಅಷ್ಟೇ — ನಂಗಂತೂ ಆ ಕಿವಿನೇ ಸಾಕು ಫಾದರ್, ಎನ್ನುತ್ತಾನೆ ಅಣ್ಣ, ಮೂವತ್ತೊಂದು ವರ್ಷ ಉಪದೇಶ ಮಾಡಿದ ನನ್ನ ಈ ಬಾಯಿಗೆ ಆಗದ್ದನ್ನು ಕೆಟ್ಟ ಕಿವಿಯೊಂದು ಮಾಡಿತು, ಅದನ್ನು ವಾಪಸ್ ಕೊಡು ಎಂದು ವರ್ಷದಿಂದ ಬೇಡುತ್ತಿದ್ದೇನೆ ಸ್ವಾಮಿ, ಬೇಡಿಕೆ ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಅವಸರವೇನೂ ಇಲ್ಲ, ನಿನ್ನ ಉಪಕಾರ ದೊಡ್ಡದು, ಇನ್ನು ಬಿಷಪ್‌ಗೂ ಹೇಳಿಬಿಡಬೇಕು, ಅವರ ಬಲಗಡೆ ನಿಂತು, ಗಟ್ಟಿಯಾಗಿ — ಅಂಚು ಮುಗಿಯಿತು, ಅವಳು ಗುಂಡುಸೂಜಿ ಡಬ್ಬಿಗೆ ಕೈ ನೀಡುತ್ತಾಳೆ, ಅದು ದೂರದಲ್ಲಿದೆ, ಅಣ್ಣ ಬಗ್ಗಿ ಅಂಗೈ ಚಾಚುತ್ತಾನೆ, ಒಂದು ಕ್ಷಣ ಅವಳು ಆ ಅಂಗೈಯನ್ನೇ ನೋಡುತ್ತಾಳೆ, ಆಮೇಲೆ ತುಟಿಯಿಂದ ಒಂದೊಂದಾಗಿ ತೆಗೆದು — ಹೋದದ್ದು ನನ್ನ ಒಂದು ಕಿವಿ, ಬಂದದ್ದು ಅವಳಿಗೊಬ್ಬ ಅಣ್ಣ, ಅವನ ಅಂಗೈಯಲ್ಲಿ ಗುಂಡುಸೂಜಿ, ನಾಲ್ಕು.